ಮಣ್ಣು ಆರೋಗ್ಯ ಕಾರ್ಡ್ ರೈತರಿಗೆ ನಿಜಕ್ಕೂ ಉಪಯೋಗ ಆಗಬೇಕಾದರೆ ಏನು ಬದಲಾಗಬೇಕು?

ಈ ಕಾರ್ಡ್ ಅಂದರೆ ಹೊಲದ ಮಣ್ಣು ಪರೀಕ್ಷಿಸಿ, ಯಾವ ಪೋಷಕಾಂಶ ಎಷ್ಟಿದೆ, ಯಾವ ಗೊಬ್ಬರ ಬೇಕು ಅಂತ ಸರ್ಕಾರ ಬರೆದು ಕೊಡುವ ಚೀಟಿ. ಮೊದಲು ಮಣ್ಣಿನ ಮಾದರಿ ತೆಗೆಯುವ ಲೆಕ್ಕ ಬದಲಾಗಬೇಕು. 2015ರಲ್ಲಿ ಯೋಜನೆ ಶುರುವಾದಾಗ ನೀರಾವರಿ ಜಮೀನಿಗೆ 2.5 ಹೆಕ್ಟೇರಿಗೊಂದು, ಮಳೆಯಾಶ್ರಿತ ಜಮೀನಿಗೆ 10 ಹೆಕ್ಟೇರಿಗೊಂದು ಮಾದರಿ ಅಂತ ಇತ್ತು. 10 ಹೆಕ್ಟೇರ್ ಅಂದರೆ ಸುಮಾರು 25 ಎಕರೆ. ಅಷ್ಟರಲ್ಲಿ ಏಳೆಂಟು ಜನರ ಹೊಲ ಇರುತ್ತದೆ. ದಿಬ್ಬದಲ್ಲಿ ಕೆಂಪು ಮಣ್ಣು, ತಗ್ಗಿನಲ್ಲಿ ಎರೆ. ಎಲ್ಲರ ಕಾರ್ಡಿನಲ್ಲೂ ಅದೇ ಅಂಕಿ ಬಂದರೆ ನಂಬೋದು ಹೇಗೆ, ಅಲ್ವಾ?

ಎರಡನೆಯದು, ಅಂಕಿಯ ಜೊತೆ ಗೊಬ್ಬರವೂ ಹತ್ತಿರದಲ್ಲೇ ಸಿಗಬೇಕು. ಕರ್ನಾಟಕ ಸರ್ಕಾರದ ಭೂಚೇತನ ಯೋಜನೆಯಲ್ಲಿ (2009) ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಮಣ್ಣು ಪರೀಕ್ಷಿಸಿ ಗಂಧಕ, ಸತು, ಬೋರಾನ್ ಕೊರತೆ ತೋರಿಸಿತು. ಆ ಕೊರತೆ ನೀಗಿಸುವ ಜಿಪ್ಸಂ, ಜಿಂಕ್ ಸಲ್ಫೇಟ್, ಬೋರಾಕ್ಸ್ ರೈತ ಸಂಪರ್ಕ ಕೇಂದ್ರದಲ್ಲೇ ರಿಯಾಯಿತಿಗೆ ಸಿಕ್ಕವು. ಅದಕ್ಕೇ ಆ ಮಾಹಿತಿ ಹೊಲದವರೆಗೆ ಹೋಯಿತು. ಸುಮ್ನೆ ಕಾರ್ಡ್ ಹಂಚಿದರೆ ಅದು ಗೋಡೆಯ ಮೊಳೆಗೇ ನೇತಾಡುತ್ತದೆ.