ಆ ಅಜ್ಜಿ ಮೊಮ್ಮಗ ಆಡಾಕತ್ತಾನೇನು?

ಚಿಕ್ಕವರಿದ್ದಾಗ ನೋಡಿದ ಯಾವ ಆಟ ಇವತ್ತಿಗೂ ನಿಮ್ಮ ಮನಸ್ಸಿನಿಂದ ಹೋಗಿಲ್ಲ, ಯಾಕೆ ಅಂತ ಕೇಳಿದ್ದೀರಿ.

ನನಗೆ ಇದಕ್ಕೆ ಯೋಚನೆಯೇ ಬೇಕಿಲ್ಲ. 1996ರ ಅಕ್ಟೋಬರ್ 21. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ. ಟೈಟನ್ ಕಪ್ ಕ್ರಿಕೆಟ್, ಭಾರತ ಮತ್ತು ಆಸ್ಟ್ರೇಲಿಯಾ. ಆಗ ನನಗೆ ಹತ್ತು ವರ್ಷ, ಊರು ಗದಗ. ಆ ಆಟದ ಒಂದು ತುಂಡನ್ನು ನಾನು ನೋಡಲೇ ಇಲ್ಲ. ಆದರೂ ನನ್ನ ಪಾಲಿಗೆ ಅದೇ ದೊಡ್ಡ ಆಟ.

ಗದಗ ಆಗಿನ್ನೂ ಜಿಲ್ಲೆಯಾಗಿರಲಿಲ್ಲ, ಧಾರವಾಡ ಜಿಲ್ಲೆಯಲ್ಲೇ ಇತ್ತು. ಗದಗ-ಬೆಟಗೇರಿ ಅಂದರೆ ಒಂದು ಕಡೆ ಮಗ್ಗದ ಸದ್ದು, ಇನ್ನೊಂದು ಕಡೆ ಪ್ರಿಂಟಿಂಗ್ ಪ್ರೆಸ್ಸಿನ ಸದ್ದು. ಅಪ್ಪ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಪೇಪರ್ ಕತ್ತರಿಸಿದ ಮೇಲೆ ಉಳಿಯುವ ಉದ್ದುದ್ದ ಪಟ್ಟಿಗಳನ್ನು ಸಂಜೆ ನನಗೆ ತಂದುಕೊಡುತ್ತಿದ್ದರು. ನಾಲ್ಕು ಬೆರಳು ಅಗಲ, ಒಂದು ಮೊಳ ಉದ್ದ. ಸ್ಕೋರ್ ಬರೆಯಲು ಅದಕ್ಕಿಂತ ಒಳ್ಳೆಯ ಕಾಗದ ನಾನು ಇವತ್ತಿನವರೆಗೂ ನೋಡಿಲ್ಲ. ಮೇಲಿನಿಂದ ಕೆಳಗೆ ಒಂದೊಂದೇ ಓವರ್. ಐವತ್ತು ಓವರ್ ಮುಗಿಯುವಷ್ಟರಲ್ಲಿ ಎರಡು ಪಟ್ಟಿ ತುಂಬುತ್ತಿತ್ತು.

ನಾವು ಆಡುತ್ತಿದ್ದುದು ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಹಿಂದಿನ ಬಯಲಿನಲ್ಲಿ. ಎರೆ ಮಣ್ಣು. ಮಳೆಗಾಲದಲ್ಲಿ ಕಾಲಿಗೆ ಸೇರು ಸೇರು ಮಣ್ಣು ಅಂಟುತ್ತದೆ, ಆಗ ಕ್ರಿಕೆಟ್ ಬಂದ್. ಓಣಿಯಲ್ಲೇ ಚಿಣಿಫಣಿ, ಗುಂಡ ಆಡಬೇಕು. ಬೇಸಿಗೆಯಲ್ಲಿ ಅದೇ ನೆಲ ಬಾಯಿ ಬಿಡುತ್ತದೆ. ಚೆಂಡು ಬಿರುಕಿನ ಅಂಚಿಗೆ ಬಿದ್ದರೆ ಎತ್ತ ಹೋಗುತ್ತದೋ ಯಾರಿಗೂ ಗೊತ್ತಿಲ್ಲ. ಬೌಲರ್‌ಗಳೆಲ್ಲ ಅಲ್ಲಿಗೇ ಗುರಿಯಿಟ್ಟು ಹಾಕುತ್ತಿದ್ದರು. ನಾನು ಎಡಗೈಯಲ್ಲಿ ಸ್ಪಿನ್ ಹಾಕಲು ಕಲಿತೆ. ಹುಟ್ಟಿನಿಂದ ನಾನು ಬಲಗೈಯವನು. ಆದರೆ ನಮ್ಮೂರಿನ ಸುನೀಲ ಜೋಶಿ ಎಡಗೈಯಲ್ಲಿ ಹಾಕುತ್ತಿದ್ದ, ಅಲ್ವಾ? ಹಾಗಾಗಿ ಓಣಿಯ ಅರ್ಧ ಹುಡುಗರು ಎಡಗೈಯಲ್ಲಿ ಹಾಕುತ್ತಿದ್ದೆವು.

ಸುನೀಲ ಜೋಶಿ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಹುಡುಗನಿದ್ದಾಗ ಅವನು ಬೆಳಗಿನ ಜಾವ ಗದಗಿನಿಂದ ಹುಬ್ಬಳ್ಳಿಗೆ ಹೋಗಿ, ಪ್ರಾಕ್ಟೀಸ್ ಮುಗಿಸಿ, ಶಾಲೆ ಹೊತ್ತಿಗೆ ವಾಪಸ್ ಬರುತ್ತಿದ್ದ. ನಾವು ತಡವಾಗಿ ಎದ್ದ ದಿನವೆಲ್ಲ ಅವ್ವ ಈ ಕಥೆ ಹೇಳುತ್ತಿದ್ದಳು. 1995-96ರ ರಣಜಿಯಲ್ಲಿ ಅವನು 500ಕ್ಕೂ ಜಾಸ್ತಿ ರನ್ ಹೊಡೆದ, 50ಕ್ಕೂ ಜಾಸ್ತಿ ವಿಕೆಟ್ ತೆಗೆದ. ಕರ್ನಾಟಕ ಆ ಸಲ ರಣಜಿ ಗೆದ್ದಿತು. 1996ರ ಜೂನ್‌ನಲ್ಲಿ ಇಂಗ್ಲೆಂಡಿನಲ್ಲಿ ಅವನು ಮೊದಲ ಟೆಸ್ಟ್ ಆಡಿದ. ದೊಡ್ಡವರಿಗೆ ಗದಗ ಅಂದರೆ ಕುಮಾರವ್ಯಾಸ, ಭೀಮಸೇನ ಜೋಶಿ. ನಮಗೆ ಮಾತ್ರ ಜೋಶಿ ಅಂದರೆ ಒಬ್ಬನೇ.

ಆ ವರ್ಷ ಪೂರ್ತಿ ಕ್ರಿಕೆಟ್ಟೇ. ಬಿಗ್ ಫನ್ ಬಬಲ್ ಗಮ್ ಜೊತೆ ಆಟಗಾರರ ಚಿತ್ರ ಬರುತ್ತಿತ್ತು. ಗಮ್ಮಿನ ಸಿಹಿ ಐದು ನಿಮಿಷಕ್ಕೆ ಹೋಗುತ್ತಿತ್ತು, ಚಿತ್ರ ಮಾತ್ರ ಕಂಪಾಸ್ ಬಾಕ್ಸಿನಲ್ಲಿ ವರ್ಷಗಟ್ಟಲೆ ಇರುತ್ತಿತ್ತು. ಮಾರ್ಚ್ 9ರಂದು ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್, ಬೆಂಗಳೂರಿನಲ್ಲೇ, ಪಾಕಿಸ್ತಾನದ ಮೇಲೆ. ಆಮಿರ್ ಸೊಹೈಲ್ ಬೌಂಡರಿ ಹೊಡೆದು ಚೆಂಡು ಹೋದ ಕಡೆ ಬ್ಯಾಟ್ ತೋರಿಸಿದ. ಮುಂದಿನ ಚೆಂಡಿಗೇ ವೆಂಕಟೇಶ್ ಪ್ರಸಾದ್ ಅವನ ಆಫ್ ಸ್ಟಂಪ್ ಕಿತ್ತ. ಇದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ. ಮರುದಿನ ಬಯಲಿನಲ್ಲಿ ಎಲ್ಲರೂ ಪ್ರಸಾದ್. ಸೊಹೈಲ್ ಆಗಲು ಯಾರೂ ಒಪ್ಪಲಿಲ್ಲ. ಕೊನೆಗೆ ಸರದಿ ಹಚ್ಚಿದೆವು, ಆಮೇಲೆ ಆಟ ಶುರುವಾಯಿತು.

ಅಕ್ಟೋಬರ್ ಬಂತು. ದಸರಾ ರಜೆ. ಹುಬ್ಬಳ್ಳಿಯಲ್ಲಿ ಓದುತ್ತಿದ್ದ ದೊಡ್ಡಪ್ಪನ ಮಗ ಊರಿಗೆ ಬಂದಿದ್ದ. ಅವನು ಬಂದರೆ ನನಗೆ ಡಬಲ್ ಖುಷಿ. ಯಾಕೆಂದರೆ ಟಿವಿಯಲ್ಲಿ ಕಾಮೆಂಟರಿ ಇಂಗ್ಲಿಷಿನಲ್ಲಿ, ಇಲ್ಲವೇ ಹಿಂದಿಯಲ್ಲಿ. ನನಗೆ ಎರಡೂ ಬರುತ್ತಿರಲಿಲ್ಲ. ಅಣ್ಣ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋಗುತ್ತಿದ್ದ.

ನಮ್ಮ ಮನೆಯಲ್ಲಿ ಟಿವಿ ಇರಲಿಲ್ಲ. ಪಕ್ಕದ ಮನೆಯ ಕಾಕಾನ ಪಡಸಾಲೆಯಲ್ಲಿ ಓಣಿಯ ಜನ ಎಲ್ಲ ಸೇರುತ್ತಿದ್ದರು. ಚಪ್ಪಲಿ ಹೊರಗೆ ಗುಡ್ಡೆ ಬಿದ್ದಿರುತ್ತಿದ್ದವು. ಕಾಕು ಒಂದು ಪರಾತದ ತುಂಬ ಗಿರಮಿಟ್ ಮಾಡಿ ಇಡುತ್ತಿದ್ದಳು. ಒಂದು ದಿನವೂ ಬೇಸರ ಮಾಡಿಕೊಂಡವಳಲ್ಲ. ಈಗ ಯೋಚಿಸಿದರೆ ಅಷ್ಟು ಜನರನ್ನು ಅಷ್ಟು ಹೊತ್ತು ಮನೆಯೊಳಗೆ ಕೂರಿಸಿಕೊಳ್ಳುವುದು ಎಷ್ಟು ದೊಡ್ಡ ಮನಸ್ಸು ಅನಿಸುತ್ತದೆ.

ಆವತ್ತಿನ ವಿಶೇಷ ಏನಂದರೆ, ಭಾರತದ ಹನ್ನೊಂದು ಜನರಲ್ಲಿ ಆರು ಜನ ನಮ್ಮವರು. ಶ್ರೀನಾಥ್, ಕುಂಬ್ಳೆ, ಪ್ರಸಾದ್, ದ್ರಾವಿಡ್, ಸುಜಿತ್ ಸೋಮಸುಂದರ್ ಮತ್ತು ನಮ್ಮ ಜೋಶಿ. ಪಟ್ಟಿಯ ಮೇಲೆ ಆರು ಹೆಸರಿನ ಕೆಳಗೂ ನಾನು ಗೆರೆ ಎಳೆದೆ. ‘ಇವತ್ತ ಫೀಲ್ಡಿನ್ಯಾಗ ಕನ್ನಡಾನೇ ಜಾಸ್ತಿ ಕೇಳ್ತದ ನೋಡು’ ಅಂದ ಅಣ್ಣ. ಟಿವಿಯಲ್ಲಿ ಕಾಣುವವರು ನನ್ನ ಹಾಗೇ ಮಾತಾಡುತ್ತಾರೆ ಅಂತ ನನಗೆ ಆವರೆಗೆ ಹೊಳೆದೇ ಇರಲಿಲ್ಲ. ‘ಹೋಗು, ಬಾ, ತಗೋ, ಬಿಡು’ ಅಂತ ಅಲ್ಲಿ ಮಾತಾಡಿಕೊಳ್ಳುತ್ತಾರೆ! ಆ ಮಾತು ಕೇಳಿ ಮೈ ಝುಂ ಅಂದಿತು.

ಆಸ್ಟ್ರೇಲಿಯಾ 215 ಹೊಡೆಯಿತು. ಮಾರ್ಕ್ ಟೇಲರ್ 105. ಒಂದು ದಿನದ ಪಂದ್ಯದಲ್ಲಿ ಅವನ ಒಂದೇ ಒಂದು ಶತಕ ಅದು. ನಮ್ಮವರು ಆಡಲು ಇಳಿದ ಮೇಲೆ ಒಂದು ಕಡೆ ಸಚಿನ್, ಇನ್ನೊಂದು ಕಡೆ ಬರುವವರು ಹೋಗುವವರು. ಸಚಿನ್ ಆಗ ಕ್ಯಾಪ್ಟನ್. ಜೋಶಿಯೂ ಹೋದ. 88 ಹೊಡೆದು ಸಚಿನ್ನೂ ಔಟ್. 164ಕ್ಕೆ 8. ಇನ್ನೂ 52 ಬೇಕು.

‘ಮುಗೀತ್ ಬಿಡ್ರಿ’ ಅಂತ ಕಾಕಾ ಎದ್ದು ಟಿವಿ ಬಂದ್ ಮಾಡಿದರು. ಯಾರೂ ಬೇಡ ಅನ್ನಲಿಲ್ಲ. ಸಚಿನ್ ಔಟಾದ ಮೇಲೆ ಟಿವಿ ಬಂದ್ ಮಾಡುವುದು ಆಗ ಎಷ್ಟು ಮನೆಗಳ ರೂಢಿ! ಜನ ಎದ್ದು ಚಪ್ಪಲಿ ಹುಡುಕಿಕೊಂಡು ಹೋದರು. ನಾನು ಪಟ್ಟಿಯ ಮೇಲೆ ‘164/8’ ಅಂತ ಬರೆದು ಪೆನ್ಸಿಲ್ ಕೆಳಗಿಟ್ಟೆ.

ಮನೆಯ ಕಟ್ಟೆಯ ಮೇಲೆ ಅಜ್ಜಿ ಕೂತಿದ್ದಳು. ಹತ್ತಿ ಬಿಡಿಸಿ ದೇವರಿಗೆ ಬತ್ತಿ ಹೊಸೆಯುವುದು ಅವಳ ದಿನದ ಕೆಲಸ. ಕತ್ತಲಲ್ಲೂ ಕೈ ತಪ್ಪುತ್ತಿರಲಿಲ್ಲ. ನನ್ನ ಮುಖ ನೋಡಿ ಏನೂ ಕೇಳಲಿಲ್ಲ, ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಅಣ್ಣನೂ ಬಂದು ಕೂತ. ಎಷ್ಟು ಹೊತ್ತು ಹಾಗೇ ಕೂತಿದ್ದೆವೋ ಗೊತ್ತಿಲ್ಲ.

ಆಗ ಪಕ್ಕದ ಮನೆಯಿಂದ ಕಾಕು ಕೂಗಿದಳು. ಬೇರೆ ಏನಾದರೂ ನೋಡೋಣ ಅಂತ ಅವಳು ಟಿವಿ ಮತ್ತೆ ಹಚ್ಚಿದ್ದಳು. ‘ಅತ್ತೀ, ಬರ್ರಿ ಇಲ್ಲೆ! ಯಾರೋ ಅಜ್ಜೀನ ತೋರಸಾಕತ್ತಾರ. ಥೇಟ್ ನಿಮ್ಮಂಗ ಇದ್ದಾರ!’

ನಾವು ಓಡಿದೆವು. ಅಜ್ಜಿಯೂ ಹತ್ತಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹಿಂದೆ ಬಂದಳು. ಟಿವಿಯಲ್ಲಿ ಶ್ರೀನಾಥ್ ಮತ್ತು ಕುಂಬ್ಳೆ ಇನ್ನೂ ಆಡುತ್ತಿದ್ದಾರೆ! ಕುಂಬ್ಳೆಯ ತಾಯಿ ಮತ್ತು ಅಜ್ಜಿ ಸ್ಟೇಡಿಯಂನಲ್ಲಿ ಜನರ ನಡುವೆ ಕೂತಿದ್ದಾರೆ. ಕ್ಯಾಮೆರಾ ಮತ್ತೆ ಮತ್ತೆ ಅವರ ಕಡೆ ಹೋಗುತ್ತಿದೆ. ಅವರು ಯಾರು ಅಂತ ಕಾಮೆಂಟರಿ ಕೇಳಿ ಹೇಳಿದವನು ಅಣ್ಣ.

‘ಆಕಿ ಮೊಮ್ಮಗ ಆಡಾಕತ್ತಾನೇನು?’ ಅಂತ ಕೇಳಿದಳು ಅಜ್ಜಿ.

‘ಹೂಂ ಅಜ್ಜಿ. ಇಂವ ಗೆಲ್ಲಸಬೇಕು ಈಗ.’

ಅಜ್ಜಿ ಅಲ್ಲಿಯವರೆಗೆ ಕ್ರಿಕೆಟ್ ನೋಡಿದವಳೇ ಅಲ್ಲ. ಆದರೆ ಆ ಅಜ್ಜಿಯ ಎದೆಯಲ್ಲಿ ಏನು ನಡೆಯುತ್ತಿರಬೇಕು ಅನ್ನುವುದು ಆ ಪಡಸಾಲೆಯಲ್ಲಿ ನಮಗೆಲ್ಲರಿಗಿಂತ ಚೆನ್ನಾಗಿ ಅವಳಿಗೇ ಗೊತ್ತಿತ್ತು. ಟಿವಿ ಮುಂದೆ ಕಾಲು ಮಡಚಿ ಕೂತಳು. ಪ್ರತಿ ಚೆಂಡಿಗೂ ‘ಬಿತ್ತೇನು? ಹೋತೇನು?’ ಅಂತ ಕೇಳುತ್ತಿದ್ದಳು. ಓಣಿಯ ಜನ ಒಬ್ಬೊಬ್ಬರೇ ಮತ್ತೆ ಬಂದರು. ಕಾಕಾ ಬಾಗಿಲಲ್ಲೇ ನಿಂತರು. ಕೂತರೆ ವಿಕೆಟ್ ಬೀಳುತ್ತದೆ ಅಂತ ಅವರ ಹೆದರಿಕೆ.

ಓವರ್ ಮುಗಿದಾಗ ಇಬ್ಬರೂ ಪಿಚ್ ನಡುವೆ ಬಂದು ಮಾತಾಡುತ್ತಿದ್ದರು. ಮೈಸೂರಿನವನೊಬ್ಬ, ಬೆಂಗಳೂರಿನವನೊಬ್ಬ. ಏನು ಹೇಳುತ್ತಿದ್ದಾರೆ ಅಂತ ಅಣ್ಣನನ್ನು ಕೇಳಿದೆ. ‘ಅವಸರ ಮಾಡಬ್ಯಾಡ, ನಿಂದ್ರು ಅನ್ನಾಕತ್ತಾನ’ ಅಂದ. ಅವನಿಗೂ ಅದು ಕೇಳಿಸುತ್ತಿರಲಿಲ್ಲ. ಆದರೂ ನಾನು ನಂಬಿದೆ, ಈಗಲೂ ನಂಬುತ್ತೇನೆ.

ಏಳು ಚೆಂಡು ಉಳಿದಿರುವಾಗ ಗೆದ್ದೆವು. ಶ್ರೀನಾಥ್ ಔಟಾಗದೆ 30, ಕುಂಬ್ಳೆ ಔಟಾಗದೆ 16. ಪಡಸಾಲೆಯಲ್ಲಿ ಯಾರು ಯಾರನ್ನು ಅಪ್ಪಿಕೊಂಡರೋ ತಿಳಿಯಲಿಲ್ಲ. ಅಜ್ಜಿ ಮಾತ್ರ ಟಿವಿ ಕಡೆಯೇ ನೋಡುತ್ತಾ ‘ಆಕೀನ್ನ ಇನ್ನೊಮ್ಮೆ ತೋರಸ್ತಾರೇನು?’ ಅಂದಳು.

ಆ ಪಟ್ಟಿ ಇನ್ನೂ ನನ್ನ ಹತ್ತಿರ ಇದೆ. 164/8 ಆದ ಮೇಲೆ ಒಂದು ಗೇಣು ಜಾಗ ಖಾಲಿ. ಕೆಳಗೆ ದೊಡ್ಡ ಅಕ್ಷರದಲ್ಲಿ ‘ಗೆದ್ವಿ’ ಅಂತಿದೆ. ಆ ಖಾಲಿ ಜಾಗದ ಆಟವನ್ನು ನಾನು ಬಹಳ ವರ್ಷಗಳ ಮೇಲೆ ಯೂಟ್ಯೂಬಿನಲ್ಲಿ ನೋಡಿದೆ. ಬೇಕಾದರೆ ಈಗ ತುಂಬಬಹುದು. ತುಂಬಿಲ್ಲ.

ಆಮೇಲೆ ಅಜ್ಜಿಗೆ ಕುಂಬ್ಳೆಯ ಹೆಸರು ಬೇಕಾಗಲೇ ಇಲ್ಲ. ಎಲ್ಲಿ ಟಿವಿಯಲ್ಲಿ ಕ್ರಿಕೆಟ್ ಕಂಡರೂ ಒಂದೇ ಪ್ರಶ್ನೆ: ‘ಆ ಅಜ್ಜಿ ಮೊಮ್ಮಗ ಆಡಾಕತ್ತಾನೇನು?’ ಹೂಂ ಅಂದರೆ ಕೂರುತ್ತಿದ್ದಳು. ಇಲ್ಲ ಅಂದರೆ ಎದ್ದು ಹೋಗುತ್ತಿದ್ದಳು. 1999ರ ಸೆಪ್ಟೆಂಬರಿನಲ್ಲಿ ನಮ್ಮ ಜೋಶಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಮೇಲೆ 10 ಓವರ್‌ಗೆ ಬರೀ 6 ರನ್ ಕೊಟ್ಟು 5 ವಿಕೆಟ್ ತೆಗೆದಾಗ ಊರಿಗೆ ಊರೇ ಕುಣಿಯಿತು. ಅಜ್ಜಿಗೂ ಖುಷಿಯಾಯಿತು. ಆದರೂ ಅವಳ ಹುಡುಗ ಬೇರೆಯವನೇ.

ಅದೇ ವರ್ಷದ ಫೆಬ್ರುವರಿ 7, ಭಾನುವಾರ. ಅಷ್ಟರಲ್ಲಿ ನಮ್ಮ ಮನೆಗೂ ಟಿವಿ ಬಂದಿತ್ತು. ದೆಹಲಿಯ ಕೋಟ್ಲಾದಲ್ಲಿ ಪಾಕಿಸ್ತಾನ ಒಂದೂ ವಿಕೆಟ್ ಬೀಳದೆ 101 ಹೊಡೆದಿತ್ತು. ಆಮೇಲೆ ಕುಂಬ್ಳೆ ಶುರು ಮಾಡಿದ. ಅಜ್ಜಿ ಗೋಡೆಗೆ ಒರಗಿ ಬತ್ತಿ ಹೊಸೆಯುತ್ತಿದ್ದಳು. ನಾನು ‘ಒಂದು’ ಅಂದೆ. ಅವಳು ಒಂದು ಬತ್ತಿ ಬೇರೆ ಇಟ್ಟಳು. ‘ಎರಡು’ ಅಂದೆ, ಇನ್ನೊಂದು ಇಟ್ಟಳು. ಆರಾದ ಮೇಲೆ ಅಪ್ಪನೂ ಬಂದು ಕೂತರು. ಒಂಬತ್ತಾದ ಮೇಲೆ ಇನ್ನೊಂದು ಕಡೆಯಿಂದ ಶ್ರೀನಾಥ್ ಬೇಕಂತಲೇ ಸ್ಟಂಪಿನಿಂದ ದೂರ ದೂರ ಹಾಕತೊಡಗಿದ. ತನಗೆ ವಿಕೆಟ್ ಬೀಳಬಾರದು, ಹತ್ತನೆಯದೂ ಗೆಳೆಯನಿಗೇ ಸಿಗಬೇಕು. ಅದನ್ನು ಅಜ್ಜಿಗೆ ಬಿಡಿಸಿ ಹೇಳಿದೆ. ‘ಛಲೋ ಹುಡುಗ’ ಅಂದಳು. ವಸೀಂ ಅಕ್ರಮ್ ಹೊಡೆದ ಚೆಂಡನ್ನು ಲಕ್ಷ್ಮಣ್ ಹತ್ತಿರದಲ್ಲೇ ಹಿಡಿದ. 74 ರನ್ನಿಗೆ ಹತ್ತೂ ವಿಕೆಟ್.

ಆವತ್ತು ಸಂಜೆ ದೇವರ ಮುಂದೆ ಅಜ್ಜಿ ಆ ಹತ್ತೂ ಬತ್ತಿಗಳನ್ನು ಒಟ್ಟಿಗೆ ಎಣ್ಣೆಯಲ್ಲಿ ಅದ್ದಿ ಹಚ್ಚಿದಳು.