ಕೂಗುವ ಕಂಬ, ಹಿಂದಕ್ಕೆ ಹೋದ ಗಡಿಯಾರ

ಪ್ರಶ್ನೆ: ಬಟ್ಟೆ ಅಂಗಡಿಯಲ್ಲಿ ಬಿಲ್ ಕಟ್ಟಿ ಹೊರಗೆ ಬರುವಾಗ ಬಾಗಿಲ ಪಕ್ಕದ ಕಂಬಗಳು ಕೂಗಿಕೊಂಡವು. ಅಲ್ಲಿದ್ದವರೆಲ್ಲ ನನ್ನನ್ನೇ ದುರುಗುಟ್ಟಿ ನೋಡಿದರು. ಈ ಯಂತ್ರ ಕಂಡುಹಿಡಿದ ಪುಣ್ಯಾತ್ಮ ಯಾರು ಸಾರ್?
— ದಾವಣಗೆರೆಯ ಓದುಗರು

ಮೊದಲು ನನ್ನ ಕಡೆಯಿಂದ ಒಂದು ಕ್ಷಮೆ. ಈ ಅಂಕಣ ಬರೆಯಲು ಕೂರುವ ಮೊದಲು ಬೆಂಗಳೂರಿನ ಒಂದು ಬಟ್ಟೆ ಅಂಗಡಿಯಲ್ಲಿ ಹದಿನಾಲ್ಕು ವರ್ಷ ಕ್ಯಾಶ್ ಕೌಂಟರ್ ನೋಡಿಕೊಂಡಿದ್ದೆ. ಆ ಕಂಬ ಕೂಗಿದಾಗ ಹತ್ತರಲ್ಲಿ ಒಂಬತ್ತು ಸಲ ತಪ್ಪು ನಮ್ಮದೇ. ದೀಪಾವಳಿ ರಶ್ಶಿನಲ್ಲಿ ನಾಲ್ಕು ಶರ್ಟಿನ ಟ್ಯಾಗ್ (ಕಂಬವನ್ನು ಕೂಗಿಸುವುದು ಅದೇ) ಕಿತ್ತು ಐದನೆಯದನ್ನು ಮರೆತರೆ ಮುಗಿಯಿತು. ಒಮ್ಮೆ ಎಪ್ಪತ್ತು ದಾಟಿದ ಮೇಷ್ಟ್ರೊಬ್ಬರು ಮೊಮ್ಮಗನ ಚಡ್ಡಿ ಹಿಡಿದು ಬಾಗಿಲಲ್ಲೇ ನಡುಗುತ್ತ ನಿಂತುಬಿಟ್ಟಿದ್ದರು. ನಾನೇ ಓಡಿಹೋಗಿ ಕೈ ಮುಗಿದೆ. ಅವರು ಮತ್ತೆ ನಮ್ಮ ಅಂಗಡಿ ಮೆಟ್ಟಿಲು ಹತ್ತಲಿಲ್ಲ.

ಇನ್ನು ಪುಣ್ಯಾತ್ಮನ ವಿಷಯ. ಒಬ್ಬನೇ ಅಲ್ಲ, 1960ರ ದಶಕದಲ್ಲಿ ಅಮೆರಿಕದಲ್ಲಿ ಇಬ್ಬರು ಮೂವರು ಬೇರೆಬೇರೆಯಾಗಿ ಇದರ ಹಿಂದೆ ಬಿದ್ದಿದ್ದರು. ನ್ಯೂಯಾರ್ಕ್ ಕಡೆ ಆರ್ಥರ್ ಮಿನಾಸಿ ಎಂಬಾತ ನೋಗೋ ಎಂಬ ಕಂಪನಿ ಕಟ್ಟಿದ. ಆದರೆ ಅಂಗಡಿಯಲ್ಲಿ ದುಡಿದ ನನಗೆ ಹತ್ತಿರದವನು ರೊನಾಲ್ಡ್ ಅಸ್ಸಾಫ್. ಓಹಾಯೊ ರಾಜ್ಯದ ಆಕ್ರನ್ ಊರಿನಲ್ಲಿ ಕ್ರೋಗರ್ ಎಂಬ ದಿನಸಿ ಅಂಗಡಿಯ ಮ್ಯಾನೇಜರ್. ಒಬ್ಬ ಎರಡು ವೈನ್ ಬಾಟಲಿ ಎತ್ತಿಕೊಂಡು ಓಟ ಕಿತ್ತ, ಅಸ್ಸಾಫ್ ಬೆನ್ನಟ್ಟಿದ, ಸಿಗಲಿಲ್ಲ. ಏದುಸಿರು ಬಿಡುತ್ತ ವಾಪಸು ಬಂದವನು, ಇದಕ್ಕೊಂದು ಉಪಾಯ ಹುಡುಕಿದವನು ಕೋಟ್ಯಧಿಪತಿಯಾಗುತ್ತಾನೆ ಎಂದನಂತೆ. ಆ ಮಾತು ಹಿಡಿದುಕೊಂಡು ಉಪಕರಣದ ಕೆಲಸಕ್ಕೆ ಇಳಿದವನು ಅವನ ಸೋದರಸಂಬಂಧಿ ಜಾಕ್ ವೆಲ್ಚ್ (ಜನರಲ್ ಎಲೆಕ್ಟ್ರಿಕ್ ಕಂಪನಿಯ ಮುಖ್ಯಸ್ಥನಾಗಿದ್ದ ಹೆಸರಾಂತ ವೆಲ್ಚ್ ಅಲ್ಲ, ಹೆಸರೊಂದೇ). ಅಲ್ಲಿಂದ ಹುಟ್ಟಿದ್ದು ಸೆನ್ಸರ್‌ಮ್ಯಾಟಿಕ್ ಕಂಪನಿ. ಆಮೇಲೆ ಅದು ಫ್ಲಾರಿಡಾಕ್ಕೆ ಬಿಡಾರ ಬದಲಿಸಿತು.

ಪ್ರಶ್ನೆ: ಒಂದು ಅಂಗಡಿಯಲ್ಲಿ ಸುಮ್ಮನಿದ್ದ ವಸ್ತು ಮುಂದಿನ ಅಂಗಡಿಯ ಬಾಗಿಲಲ್ಲಿ ಕೂಗುವುದು ಏಕೆ?
— ಶಿರಸಿಯ ಓದುಗರು

ಶಾಂಪೂ ಡಬ್ಬಿಗೋ ಕ್ರೀಮಿನ ಪೆಟ್ಟಿಗೆಗೋ ಬೆರಳುದ್ದದ ಬಿಳಿ ಪ್ಲಾಸ್ಟಿಕ್ ಪಟ್ಟಿ ಅಂಟಿಸಿರುತ್ತಾರಲ್ಲ, ಒಂದನ್ನು ಸೀಳಿ ನೋಡಿ. ಒಳಗೆ ತೆಳ್ಳನೆಯ ಲೋಹದ ಪಟ್ಟಿ, ಅದರ ಜೊತೆಗೊಂದು ಅಯಸ್ಕಾಂತದ ಪಟ್ಟಿ. ಬಾಗಿಲ ಕಂಬ ಸೆಕೆಂಡಿಗೆ 58,000 ಕಂಪನದ ಲಯದಲ್ಲಿ ಒಮ್ಮೆ ಮಿಡಿದು, ತಕ್ಷಣ ಬಾಯಿ ಮುಚ್ಚಿ ಕಿವಿಗೊಡುತ್ತದೆ. ದೇವಸ್ಥಾನದ ಗಂಟೆ ಹೊಡೆದು ಕೈ ಬಿಟ್ಟ ಮೇಲೂ ಗುಂಯ್ ಎನ್ನುತ್ತಿರುತ್ತದಲ್ಲ, ಹಾಗೆ ಆ ಪಟ್ಟಿ ಇನ್ನೂ ಒಂದಿಷ್ಟು ಹೊತ್ತು ಕಂಪಿಸುತ್ತದೆ. ಕಂಬ ಹುಡುಕುವುದು ಆ ಗುಂಯ್ ಅನ್ನು. ಕೌಂಟರ್ ಮೇಲಿನ ಪ್ಯಾಡಿಗೆ ತಾಗಿಸಿದರೆ ಪಕ್ಕದ ಅಯಸ್ಕಾಂತದ ಶಕ್ತಿ ಹೋಗಿ ಪಟ್ಟಿಯ ಶ್ರುತಿ ಕೆಡುತ್ತದೆ, ಕಂಬಕ್ಕೆ ಕೇಳಿಸುವುದಿಲ್ಲ. ಹುಡುಗ ಆತುರದಲ್ಲಿ ಪ್ಯಾಡಿನಿಂದ ಒಂದು ಗೇಣು ಮೇಲೆಯೇ ಡಬ್ಬಿ ದಾಟಿಸಿಬಿಟ್ಟರೆ ಪಟ್ಟಿ ಜೀವಂತವಾಗಿಯೇ ನಿಮ್ಮ ಚೀಲ ಸೇರುತ್ತದೆ. ಮೊದಲ ಅಂಗಡಿಯಲ್ಲಿ ಬೇರೆ ಬಗೆಯ ಕಂಬ ಇತ್ತು, ಅಥವಾ ಅದನ್ನು ಆಫ್ ಮಾಡಿದ್ದರು ಎಂದುಕೊಳ್ಳಿ. ಕೂಗುವುದು ಎರಡನೆಯ ಅಂಗಡಿಯಲ್ಲಿ.

ಈ ಬಗೆಯ ಪಟ್ಟಿಯನ್ನು ಸೆನ್ಸರ್‌ಮ್ಯಾಟಿಕ್ 1980ರ ದಶಕದಲ್ಲಿ ಮಾರುಕಟ್ಟೆಗೆ ತಂದಿತು.

ಪ್ರಶ್ನೆ: ಕಳ್ಳರನ್ನು ಹಿಡಿಯುವ ಕಂಪನಿ ಎಂದ ಮೇಲೆ ಬಹಳ ನಿಯತ್ತಿನದೇ ಇರಬೇಕು. ಈಗಲೂ ಇದೆಯೇ?
— ಹಾಸನದ ಓದುಗರು

ನಿಯತ್ತಿನ ಮಾತು ನೀವೇ ಎತ್ತಿದಿರಿ, ಹೇಳುತ್ತೇನೆ. 1998ರಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆ ಎಸ್‌ಇಸಿ ಈ ಕಂಪನಿಯ ಲೆಕ್ಕದ ಮೇಲೆ ಆದೇಶ ಹೊರಡಿಸಿತು. ಅದರ ಪ್ರಕಾರ, ಮೂರು ತಿಂಗಳ ಗಡುವು ಮುಗಿದರೂ ಲಾಭ ಸಾಲದೆ ಬಂದರೆ ಸರಕು ರವಾನೆಯ ದಿನಾಂಕ ದಾಖಲಿಸುವ ಕಂಪ್ಯೂಟರಿನ ಗಡಿಯಾರವನ್ನೇ ಹಿಂದಕ್ಕೆ ತಿರುಗಿಸುತ್ತಿದ್ದರು. ಈ ತಿಂಗಳು ಹೋದ ಸರಕು ಹೋದ ತಿಂಗಳ ಲೆಕ್ಕಕ್ಕೆ! ಕಂಪನಿ ತಪ್ಪು ಒಪ್ಪಿಕೊಳ್ಳದೆ, ಅಲ್ಲಗಳೆಯಲೂ ಇಲ್ಲದೆ ಪ್ರಕರಣ ಮುಗಿಸಿಕೊಂಡಿತು. ನಮ್ಮ ಅಂಗಡಿಯಲ್ಲಿ ರಾತ್ರಿ ಒಂಬತ್ತಕ್ಕೆ ಕ್ಯಾಶ್ ಟ್ಯಾಲಿ ಆಗದಿದ್ದರೆ ನಾನು ಹನ್ನೊಂದರವರೆಗೆ ನೋಟು ಎಣಿಸುತ್ತಿದ್ದೆ. ಗಡಿಯಾರ ತಿರುಗಿಸುವ ಬುದ್ಧಿ ಹೊಳೆದೇ ಇರಲಿಲ್ಲ.

ಕಥೆ ಇನ್ನೂ ಇದೆ. 2001ರಲ್ಲಿ ಟೈಕೊ ಎಂಬ ದೊಡ್ಡ ಸಮೂಹ 200 ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಸೆನ್ಸರ್‌ಮ್ಯಾಟಿಕ್ ಕೊಂಡಿತು. ಆಗ ಟೈಕೊದ ಯಜಮಾನ ಡೆನಿಸ್ ಕೊಜ್ಲೋವ್ಸ್ಕಿ. ಮರುವರ್ಷವೇ ಕುರ್ಚಿ ಬಿಟ್ಟ. 2005ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಅವನು ತಪ್ಪಿತಸ್ಥ ಎಂದಾಯಿತು. ಯಾವ ಅಪರಾಧ ಗೊತ್ತೇ? ತನ್ನ ಕಂಪನಿಯ ದುಡ್ಡಿನ ಕಳ್ಳತನ. ಅವನ ಮನೆಯ ಬಚ್ಚಲಿಗೆ ಕಂಪನಿ ಖರ್ಚಿನಲ್ಲಿ ಹಾಕಿಸಿದ ಪರದೆಯೊಂದಕ್ಕೇ 6,000 ಡಾಲರ್ ಎಂಬುದು ಆಗ ಊರೆಲ್ಲ ಆಡಿಕೊಂಡು ನಕ್ಕ ಸುದ್ದಿ. ಜೈಲಿಗೂ ಹೋದ. ಎರಡು ವೈನ್ ಬಾಟಲಿಗಾಗಿ ಬೀದಿಯಲ್ಲಿ ಓಡಿದ ಅಸ್ಸಾಫ್ ನನಗೆ ಇಲ್ಲಿ ಬಹಳ ನೆನಪಾಗುತ್ತಾನೆ.

ಇದೆಯೇ ಎಂದಿರಿ. ಇದೆ. 2016ರಲ್ಲಿ ಟೈಕೊ ಜಾನ್ಸನ್ ಕಂಟ್ರೋಲ್ಸ್ ಎಂಬ ಕಂಪನಿಯ ಜೊತೆ ಸೇರಿತು, ಸೆನ್ಸರ್‌ಮ್ಯಾಟಿಕ್ ಹೆಸರು ಅದರಡಿ ಉಳಿಯಿತು. ಮುಂದಿನ ಸಲ ಬಾಗಿಲ ಕಂಬದ ಬುಡ ನೋಡಿ, ಹೆಸರು ಕಂಡರೂ ಕಾಣಬಹುದು.

ಪ್ರಶ್ನೆ: ನಮ್ಮ ತಂದೆಗೆ ಪೇಸ್‌ಮೇಕರ್ ಹಾಕಿದ್ದಾರೆ. ಆ ಕಂಬಗಳ ನಡುವೆ ಹೋಗಬಹುದೇ?
— ಉಡುಪಿಯ ಓದುಗರು

ಮಾಮೂಲಿ ನಡಿಗೆಯಲ್ಲಿ ದಾಟಿಹೋಗಲಿ. ಅಲ್ಲೇ ನಿಂತು ಮಾತಾಡುವುದು, ಕಂಬಕ್ಕೆ ಒರಗುವುದು ಬೇಡ. ಉಳಿದದ್ದು ಅವರ ಹೃದಯದ ಡಾಕ್ಟರನ್ನೇ ಕೇಳಿ. ನಾನು ಬರೀ ಟ್ಯಾಗ್ ಕಿತ್ತವನು.