1964ರ ಕಾಯಿದೆಯಿಂದ ನ್ಯೂಯಾರ್ಕಿನ ವಕೀಲ ಸಂಸ್ಥೆಗಳಲ್ಲಿ ಯಹೂದಿಗಳ ಮೇಲಿನ ತಾರತಮ್ಯ ನಿಂತಿತೇ?

ಅಮೆರಿಕದ ನಾಗರಿಕ ಹಕ್ಕುಗಳ ಕಾಯಿದೆ ಬಂದೊಡನೆ ನ್ಯೂಯಾರ್ಕಿನ ಹಣಕಾಸು ಕೇಂದ್ರವಾದ ವಾಲ್ ಸ್ಟ್ರೀಟಿನ ದೊಡ್ಡ ವಕೀಲ ಸಂಸ್ಥೆಗಳು ಯಹೂದಿಗಳನ್ನು ದೂರವಿಡುವುದನ್ನು ಬಿಟ್ಟವೇ ಎಂದು ನೀವು ಕೇಳಿದ್ದೀರಿ. ಒಮ್ಮೆಲೇ ಬಿಡಲಿಲ್ಲ. ಅಲ್ಲಿ ಬಾಗಿಲುಗಳು ಎರಡಿದ್ದವು: ಒಂದು ನೌಕರಿಯದು, ಇನ್ನೊಂದು ಪಾಲುದಾರಿಕೆಯದು, ಅಂದರೆ ಸಂಸ್ಥೆಯ ಮಾಲೀಕರಲ್ಲಿ ಒಬ್ಬರಾಗುವುದು. ಎರಡನೆಯದರ ವಿಚಾರ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಗಲು 1984ರವರೆಗೆ ಕಾಯಬೇಕಾಯಿತು.

ಅದಕ್ಕೂ ಮುಂಚಿನ ಸ್ಥಿತಿಯನ್ನು ಸ್ವಲ್ಪ ಹೇಳಬೇಕು. ಆ ಸಂಸ್ಥೆಗಳು ಪರೀಕ್ಷೆಯ ಅಂಕಗಳ ಜೊತೆಗೆ ಅಭ್ಯರ್ಥಿಯ ಮನೆತನ, ಓದಿದ ಶಾಲೆ, ಓಡಾಡುವ ಕ್ಲಬ್ಬುಗಳನ್ನೂ ನೋಡುತ್ತಿದ್ದವು. ಅಂಥ ಎಷ್ಟೋ ಕ್ಲಬ್ಬುಗಳು ಯಹೂದಿಗಳಿಗೆ ಸದಸ್ಯತ್ವವನ್ನೇ ಕೊಡುತ್ತಿರಲಿಲ್ಲ. ಇಂಥ ನಿಯಮವನ್ನು ಯಾರೂ ಬರೆದಿಡದ ಕಾರಣ ತಿರಸ್ಕೃತನಾದವನ ಕೈಯಲ್ಲಿ ಪುರಾವೆಯೂ ಇರುತ್ತಿರಲಿಲ್ಲ. ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ರೂತ್ ಬೇಡರ್ ಗಿನ್ಸ್‌ಬರ್ಗ್ 1959ರಲ್ಲಿ ಕೊಲಂಬಿಯಾ ಕಾನೂನು ಶಾಲೆಯಲ್ಲಿ ಮೊದಲ ಸ್ಥಾನವನ್ನು ಹಂಚಿಕೊಂಡು ತೇರ್ಗಡೆಯಾದರೂ ನ್ಯೂಯಾರ್ಕಿನ ಒಂದು ಸಂಸ್ಥೆಯೂ ಅವರಿಗೆ ಕೆಲಸ ಕೊಡಲಿಲ್ಲ. ಯಹೂದಿ, ಹೆಣ್ಣು, ಮೇಲಾಗಿ ತಾಯಿ ಎಂಬ ಮೂರು ಕಾರಣಗಳನ್ನು ಅವರೇ ಮುಂದೆ ಹೇಳಿದ್ದಾರೆ. ಪ್ರಾಧ್ಯಾಪಕ ಜೆರಾಲ್ಡ್ ಗುಂಥರ್ ಪಟ್ಟು ಹಿಡಿದ ಮೇಲಷ್ಟೇ ನ್ಯಾಯಾಧೀಶ ಎಡ್ಮಂಡ್ ಪಾಲ್ಮಿಯೇರಿ ಗಿನ್ಸ್‌ಬರ್ಗ್‌ರನ್ನು ಕಾನೂನು ಸಹಾಯಕಿಯಾಗಿ ತೆಗೆದುಕೊಂಡರು. ಮೊದಲ ಸ್ಥಾನ ಪಡೆದವರ ಗತಿಯೇ ಹೀಗಾದರೆ ಉಳಿದವರ ಪಾಡನ್ನು ಊಹಿಸಬಹುದು.

ಕಾಯಿದೆಯ ಏಳನೆಯ ಭಾಗ ಜನಾಂಗ, ಬಣ್ಣ, ಧರ್ಮ, ಲಿಂಗ ಮತ್ತು ರಾಷ್ಟ್ರೀಯ ಮೂಲದ ಆಧಾರದ ಮೇಲೆ ಉದ್ಯೋಗದಲ್ಲಿ ತಾರತಮ್ಯ ಮಾಡುವುದನ್ನು ನಿಷೇಧಿಸಿತು. ಆದರೆ 1965ರ ಜುಲೈನಲ್ಲಿ ಜಾರಿಗೆ ಬಂದಾಗ ಅದು 100 ಅಥವಾ ಹೆಚ್ಚು ನೌಕರರಿದ್ದ ಕಡೆ ಮಾತ್ರ ಅನ್ವಯಿಸುತ್ತಿತ್ತು. ಆ ಮಿತಿ 1968ರ ಹೊತ್ತಿಗೆ 25ಕ್ಕೂ 1972ರ ತಿದ್ದುಪಡಿಯಿಂದ 15ಕ್ಕೂ ಇಳಿಯಿತು. ಹೊಸಬರ ನೇಮಕಾತಿ ಸಡಿಲವಾದದ್ದು ನಿಜ. ಆದರೆ ಪಾಲುದಾರನೆಂದರೆ ಮಾಲೀಕ, ನೌಕರನಲ್ಲ, ಆದ್ದರಿಂದ ಆ ಆಯ್ಕೆ ಕಾಯಿದೆಯ ವ್ಯಾಪ್ತಿಗೆ ಬರುವುದಿಲ್ಲ ಎಂಬ ವಾದ ಉಳಿದುಕೊಂಡಿತು. ನ್ಯೂಯಾರ್ಕಿನ ಕ್ರವಾತ್ ಎಂಬ ವಕೀಲ ಸಂಸ್ಥೆಯ ವಿರುದ್ಧ ಇಟಲಿ ಮೂಲದ ಕ್ಯಾಥೊಲಿಕ್ ವಕೀಲರೊಬ್ಬರು ಹೂಡಿದ ಮೊಕದ್ದಮೆಯಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ 1977ರಲ್ಲಿ ಈ ವಾದವನ್ನು ತಳ್ಳಿಹಾಕಿತು. ಅಟ್ಲಾಂಟಾದ ಕಿಂಗ್ ಅಂಡ್ ಸ್ಪಾಲ್ಡಿಂಗ್ ವಕೀಲ ಸಂಸ್ಥೆಯ ವಿರುದ್ಧ ಮಹಿಳೆಯೊಬ್ಬರು ತಂದ ಪ್ರಕರಣದಲ್ಲಿ 1984ರಲ್ಲಿ ಸುಪ್ರೀಂ ಕೋರ್ಟ್, ಪಾಲುದಾರಿಕೆಗೆ ಪರಿಗಣಿಸುವುದಾಗಿ ಹೇಳಿ ಕೆಲಸಕ್ಕೆ ತೆಗೆದುಕೊಂಡ ಮೇಲೆ ಆ ಪರಿಗಣನೆಯೂ ಉದ್ಯೋಗದ ಷರತ್ತೇ ಎಂದು ಸರ್ವಾನುಮತದಿಂದ ತೀರ್ಪಿತ್ತಿತು. ಅದು ಲಿಂಗ ತಾರತಮ್ಯದ ಪ್ರಕರಣವಾದರೂ ಧರ್ಮವೂ ಅದೇ ಕಲಮಿನಲ್ಲಿದೆ.

ಇಷ್ಟರಲ್ಲಿ ವ್ಯಾಪಾರದ ಗಾಳಿಯೂ ಬದಲಾಗಿತ್ತು. ಹಳೆಯ ಸಂಸ್ಥೆಗಳು ತಮ್ಮ ಘನತೆಗೆ ತಕ್ಕದ್ದಲ್ಲವೆಂದು ದೂರವಿಟ್ಟಿದ್ದ ಕಂಪನಿ ಸ್ವಾಧೀನದ ಜಗಳಗಳನ್ನು, 1948ರಲ್ಲಿ ಸ್ಕಾಡೆನ್ ಎಂಬ ವಕೀಲ ಸಂಸ್ಥೆ ಸೇರಿದ ಜೋ ಫ್ಲಾಮ್‌ರಂಥ ಯಹೂದಿ ವಕೀಲರು ಕೈಗೆತ್ತಿಕೊಂಡು ಬೆಳೆದರು. ಇದನ್ನು ತೋರಿಸಿ, ಹೊರಗಿಟ್ಟದ್ದರಿಂದ ಅವರಿಗೆ ಒಳ್ಳೆಯದೇ ಆಯಿತು ಎನ್ನುವವರಿದ್ದಾರೆ. ಆ ಮಾತನ್ನು ನಾನು ಒಪ್ಪಲಾರೆ. ಫ್ಲಾಮ್ ಅವರಷ್ಟೇ ಸಮರ್ಥರಾಗಿದ್ದು ಇಂಥ ಅವಕಾಶ ಸಿಗದೆ, ಸಂದರ್ಶನದ ಕೋಣೆಯಿಂದ ಬರಿಗೈಯಲ್ಲಿ ಮರಳಿದವರು ಆ ಲೆಕ್ಕಕ್ಕೆ ಬರುವುದೇ ಇಲ್ಲ.